ಕುಲುಮೆಯ ಊರಿಗೆ ಹೊಸ ಚರ್ಮ

ಕುರೆಕುಪ್ಪದಿಂದ ಬಳ್ಳಾರಿ ಕಡೆ ಹೊರಟರೆ ಸ್ವಲ್ಪ ಹೊತ್ತಿಗೆ ಕುಡತಿನಿ ಸಿಗುತ್ತದೆ. ಈಗಿನವರಿಗೆ ಆ ಹೆಸರು ಕೇಳಿದರೆ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳೇ ನೆನಪಾಗುತ್ತವೆ. ಪುರಾತತ್ವ ಓದಿದವರಿಗೆ ಮಾತ್ರ ಕುಡತಿನಿ ಎಂದರೆ ಬೂದಿದಿಬ್ಬ. ಸುಟ್ಟು, ಕರಗಿ, ಮತ್ತೆ ಗಟ್ಟಿಯಾದ ಬೂದಿಯ ಈ ಗುಡ್ಡೆಯನ್ನು ಕಂಡು ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಅಧಿಕಾರಿಗಳು ತಲೆ ಕೆಡಿಸಿಕೊಂಡರು. ಜ್ವಾಲಾಮುಖಿಯೇ, ಕಬ್ಬಿಣ ಕರಗಿಸಿದ ಜಾಗವೇ, ನರಬಲಿಯ ಕುಂಡವೇ ಎಂದು ಬರೆದಾಡಿದರು. ಊರವರು ರಕ್ಕಸರ ಮೂಳೆ ಸುಟ್ಟ ಬೂದಿ ಎಂದರು. ಹಂಪಿಯ ಪಕ್ಕದ ನಿಂಬಾಪುರದ ಬೂದಿಯನ್ನಂತೂ ಜನ ಇವತ್ತಿಗೂ ವಾಲಿಯ ಚಿತಾಭಸ್ಮ ಎಂದೇ ತೋರಿಸುತ್ತಾರೆ. ಕೊನೆಗೆ ಗೊತ್ತಾದದ್ದು, ಅದು ದನದ ಸಗಣಿ. ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ರಾಶಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಊಹಿಸಿದ್ದ ಇದನ್ನು ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ 1963ರ ತಮ್ಮ ಪುಸ್ತಕದಲ್ಲಿ ಗಟ್ಟಿ ಮಾಡಿದರು.

ನಾಲ್ಕು ಸಾವಿರ ವರ್ಷಗಳಿಂದ ಬೆಂಕಿಯ ಜೊತೆ ಬಾಳಿದ ಸೀಮೆ ಇದು. 1971ರಲ್ಲಿ ಇಂದಿರಾ ಗಾಂಧಿ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಕಾರ್ಖಾನೆ ಏಳಲು ಎರಡು ದಶಕ ಕಾಯಬೇಕಾಯಿತು. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಸ್ಥಾಪನೆಯಾದ ಮೇಲೆ ಸಂಡೂರಿನ ಗುಡ್ಡದ ಅದಿರು ಇಲ್ಲೇ ಕರಗತೊಡಗಿತು. ಆ ಕಾರ್ಖಾನೆಯ ಪಕ್ಕದ ಹಳ್ಳಿಯಾಗಿದ್ದ ಕುರೆಕುಪ್ಪ ಈಗ ಪುರಸಭೆ. ಸುತ್ತ ಬಳ್ಳಾರಿ, ಹೊಸಪೇಟೆ, ಕೊಪ್ಪಳದವರೆಗೆ ಸ್ಪಂಜ್ ಐರನ್ ಘಟಕಗಳು. ಅತ್ತ ಕಂಪ್ಲಿ ಕಡೆ ಕಬ್ಬಿನ ಹಂಗಾಮಿನಲ್ಲಿ ಆಲೆಮನೆಗಳು. ಕೊಪ್ಪರಿಗೆಯಲ್ಲಿ ಕುದಿಯುವ ಬೆಲ್ಲದ ಪಾಕ ನೀರಿಗಿಂತ ಹೆಚ್ಚು ಕಾದಿರುತ್ತದೆ, ಮೈಗೆ ಬಿದ್ದರೆ ಜಾರಿ ಹೋಗದೆ ಅಂಟಿ ನಿಲ್ಲುತ್ತದೆ. ಕರಗಿದ ಕಬ್ಬಿಣದ ಶಾಖ ಸುಮಾರು 1,500 ಡಿಗ್ರಿ ಸೆಲ್ಸಿಯಸ್. ಹನಿ ಸಿಡಿದರೆ ಸಾಕು, ಬಟ್ಟೆ ದಾಟಿ, ಚರ್ಮ ದಾಟಿ ಒಳಗಿಳಿಯುತ್ತದೆ. ಇವೆಲ್ಲದರ ಮೇಲೆ ಎಲ್ಲ ಊರಿನ ಹಾಗೆ ಅಡುಗೆಮನೆಯ ಬೆಂಕಿ, ಹೆಂಗಸರ ಸೀರೆ, ಮಕ್ಕಳ ಮೇಲೆ ಮಗುಚಿದ ಬಿಸಿನೀರು. ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರ ಸುಟ್ಟ ಗಾಯಕ್ಕೆ ಒಳಗಾಗುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹೀಗೆ ಸುಟ್ಟವರ ಮೈಗೆ ಮತ್ತೆ ಚರ್ಮ ಬರಿಸುವ ವಿದ್ಯೆಯ ಕಥೆಯ ದೊಡ್ಡ ಭಾಗ ಬಾಸ್ಟನ್ನಿನ ಪ್ರಯೋಗಾಲಯಗಳಲ್ಲಿ ನಡೆಯುತ್ತದೆ. ಅದರ ಒಂದು ಬೇರು ಮಾತ್ರ ಕನ್ನಡ ನಾಡಿನ ಯುದ್ಧಭೂಮಿಯಲ್ಲಿದೆ.

ಮೂರನೇ ಮೈಸೂರು ಯುದ್ಧ. 1790ರಿಂದ 1792ರವರೆಗೆ ಟಿಪ್ಪು ಸುಲ್ತಾನನ ಮೇಲೆ ಈಸ್ಟ್ ಇಂಡಿಯಾ ಕಂಪನಿ, ನಿಜಾಮ, ಮರಾಠರು ಒಟ್ಟಾಗಿ ಬಿದ್ದರು. ಯುದ್ಧದ ಕೊನೆಗೆ ಶ್ರೀರಂಗಪಟ್ಟಣದಲ್ಲಿ ಆದ ಒಪ್ಪಂದದಲ್ಲಿ ಬಳ್ಳಾರಿ ಸೀಮೆ ನಿಜಾಮನ ಪಾಲಾಯಿತು. ಎಂಟು ವರ್ಷದ ಮೇಲೆ ನಿಜಾಮ ಅದನ್ನು ಕಂಪನಿಗೆ ಬಿಟ್ಟುಕೊಟ್ಟ. ಈ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿ ರೈತ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿದ ಅವನಿಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಹೊಸ ಮೂಗು ಕಟ್ಟಿಕೊಟ್ಟ. ಬೊಂಬಾಯಿ ಪ್ರಾಂತದ ಇಬ್ಬರು ಇಂಗ್ಲಿಷ್ ವೈದ್ಯರು ಈ ಶಸ್ತ್ರಚಿಕಿತ್ಸೆಯನ್ನು ಕಣ್ಣಾರೆ ಕಂಡಿದ್ದರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಕಾವಸ್‌ಜಿಯ ಚಿತ್ರದ ಸಮೇತ ಇಡೀ ವಿವರ ಅಚ್ಚಾಯಿತು.

ಆ ವಿವರವನ್ನು ಇಂದಿನ ಶಸ್ತ್ರವೈದ್ಯರೂ ಗೌರವದಿಂದಲೇ ಓದುತ್ತಾರೆ. ಮೊದಲು ಮೇಣವನ್ನು ತೆಳ್ಳಗೆ ತಟ್ಟಿ, ಮೂಗಿನ ಮೋಟಿನ ಮೇಲೆ ಕೂರಿಸಿ, ಚಂದದ ಮೂಗಿನ ಆಕಾರ ಬರುವ ಹಾಗೆ ಮಾಡುತ್ತಿದ್ದರು. ಆಮೇಲೆ ಅದನ್ನು ಬಿಡಿಸಿ ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಸುತ್ತ ಗೆರೆ ಎಳೆಯುತ್ತಿದ್ದರು. ಆ ಗೆರೆಯೊಳಗಿನ ಚರ್ಮವನ್ನು ಬಿಡಿಸಿಕೊಳ್ಳುವಾಗ ಎರಡು ಕಣ್ಣಿನ ನಡುವೆ ಒಂದು ಕಿರಿದಾದ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸುತ್ತಿದ್ದರು. ವಿದ್ಯೆಯ ಗುಟ್ಟೆಲ್ಲ ಆ ಪಟ್ಟಿಯಲ್ಲಿತ್ತು. ಹೊಸ ಜಾಗದಲ್ಲಿ ಚರ್ಮ ಬೇರು ಬಿಡುವ ತನಕ ರಕ್ತ ಹರಿಯುತ್ತಿದ್ದದ್ದು ಅದರ ಮೂಲಕ. ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಮೋಟಿನ ಸುತ್ತ ಮಾಡಿದ ಸೀಳಿನಲ್ಲಿ ಅಂಚು ಸೇರಿಸುತ್ತಿದ್ದರು. ಹೊಲಿಗೆ ಇರಲಿಲ್ಲ. ನೀರಿನಲ್ಲಿ ನೆನೆಸಿದ ಕಾಚನ್ನು ಬಟ್ಟೆಯ ಚೂರುಗಳಿಗೆ ಸವರಿ, ಐದಾರು ಪದರ ಮಾಡಿ ಮೇಲೆ ಇಡುತ್ತಿದ್ದರು. ನಾಲ್ಕು ದಿನ ಅದನ್ನು ಮುಟ್ಟುವಂತಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೇ ದಿನ ಮೂಗಿನ ಹೊಳ್ಳೆಗಳಿಗೆ ಮೆತ್ತನೆಯ ಬಟ್ಟೆ ತುರುಕುವುದು, ಇಪ್ಪತ್ತೈದನೇ ದಿನದ ಹೊತ್ತಿಗೆ ಕಣ್ಣಿನ ನಡುವಿನ ಪಟ್ಟಿಯನ್ನು ಕತ್ತರಿಸುವುದು.

ಎಲೆಯಲ್ಲಿ ಅಳತೆ ತೆಗೆದು ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ಅದು ಗ್ರಂಥದಿಂದ ಇಳಿದು ಇಟ್ಟಿಗೆ ಮಾಡುವವನ ಕೈಗೆ ಯಾವ ದಾರಿಯಲ್ಲಿ ಬಂದಿತೋ ಗೊತ್ತಿಲ್ಲ, ಆ ಕಸುಬುದಾರನ ಹೆಸರನ್ನಂತೂ ಪತ್ರಿಕೆ ದಾಖಲಿಸಲಿಲ್ಲ. ನೋಡಿದ ವೈದ್ಯರ ಹೆಸರು ಉಳಿಯಿತು, ಗಾಯಾಳುವಿನ ಹೆಸರು ಉಳಿಯಿತು, ಚಿತ್ರ ಬರೆದ ಜೇಮ್ಸ್ ವೇಲ್ಸ್‌ನ ಹೆಸರೂ ಉಳಿಯಿತು. ಕೆಲಸ ಮಾಡಿದವನದು ಮಾತ್ರ ಇಲ್ಲ. ಇಪ್ಪತ್ತು ವರ್ಷದ ಮೇಲೆ, 1814ರ ಅಕ್ಟೋಬರಿನಲ್ಲಿ, ಲಂಡನ್ನಿನ ಜೋಸೆಫ್ ಕಾರ್ಪ್ಯೂ ಈ ಕ್ರಮವನ್ನೇ ಅನುಸರಿಸಿ ಸೈನ್ಯದ ಅಧಿಕಾರಿಯೊಬ್ಬನ ಮೂಗು ಕಟ್ಟಿದ. 1816ರಲ್ಲಿ ಪುಸ್ತಕ ತಂದ. ಯುರೋಪಿನ ಪ್ಲಾಸ್ಟಿಕ್ ಸರ್ಜರಿ ಮತ್ತೆ ಚಿಗುರಿದ್ದು ಅಲ್ಲಿಂದ.

ಆದರೆ ಹಣೆಯ ಚರ್ಮ ಮೂಗಿಗೆ ಸಾಕಾಗುತ್ತದೆ, ಮೈಗೆ ಸಾಲದು. ಬೆನ್ನು, ಎದೆ, ತೊಡೆ ಎಲ್ಲ ಸುಟ್ಟವನಿಗೆ ಎಲ್ಲಿಂದ ಚರ್ಮ ತರುವುದು?

ಇಲ್ಲಿ ಚರ್ಮದ ರಚನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ದೊಡ್ಡವರ ಮೈಮೇಲೆ ಒಂದೂವರೆಯಿಂದ ಎರಡು ಚದರ ಮೀಟರ್ ಚರ್ಮ ಇರುತ್ತದೆ. ಮೇಲಿನದು ಹೊರಪದರ. ಕಾಗದದಷ್ಟು ತೆಳುವಾದ ಇದು ದಿನವೂ ಉದುರುತ್ತ, ಅಡಿಯಿಂದ ಹೊಸದಾಗಿ ಹುಟ್ಟುತ್ತ ಇರುತ್ತದೆ. ಅದರ ಕೆಳಗಿನ ಒಳಪದರ ದಪ್ಪ. ಕಾಲಜನ್ ಎಂಬ ನಾರಿನ ಹೆಣಿಗೆ, ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲಿನ ಬುಡ ಎಲ್ಲ ಅದರಲ್ಲೇ. ಬಿಸಿನೀರು ತಾಗಿ ಬೊಬ್ಬೆ ಎದ್ದರೆ ಕೂದಲಿನ ಬುಡದಲ್ಲಿ ಉಳಿದ ಜೀವಕೋಶಗಳು ಹೊರಪದರವನ್ನು ಮತ್ತೆ ನೇಯುತ್ತವೆ, ಎರಡು ಮೂರು ವಾರದಲ್ಲಿ ಗಾಯ ಮಾಯುತ್ತದೆ. ಬೆಂಕಿ ಒಳಪದರವನ್ನೂ ಪೂರ್ತಿ ತಿಂದರೆ ನೇಯಲು ಯಾರೂ ಉಳಿದಿರುವುದಿಲ್ಲ. ಅಂಚಿನಿಂದ ಒಂದಿಷ್ಟು ಚರ್ಮ ಒಳಕ್ಕೆ ಹರಿದು ಬಂದರೆ ಬಂತು. ಅಷ್ಟರೊಳಗೆ ಮೈಯ ನೀರು ಸೋರಿ ಹೋಗುತ್ತದೆ, ರೋಗಾಣು ಒಳಹೊಕ್ಕು ರಕ್ತಕ್ಕೆ ನಂಜೇರುತ್ತದೆ. ಸುಟ್ಟ ಗಾಯದ ವಾರ್ಡಿನಲ್ಲಿ ಮೊದಲ ದಿನದ ಬೆಂಕಿಯಿಂದ ಪಾರಾದ ಎಷ್ಟೋ ಮಂದಿ ಎರಡನೇ ವಾರದಲ್ಲಿ ಈ ನಂಜಿಗೆ ಸೋಲುತ್ತಾರೆ.

ಹಾಗಾಗಿ ಚರ್ಮಕ್ಕೆ ಬದಲು ಹುಡುಕಿದವರ ಮುಂದೆ ಎರಡು ಕೆಲಸ ಇದ್ದವು: ಗಾಯವನ್ನು ತಕ್ಷಣ ಮುಚ್ಚುವುದು, ಕೊನೆಯವರೆಗೂ ಉಳಿಯುವ ಚರ್ಮ ಬರಿಸುವುದು. ಎರಡನ್ನೂ ಒಟ್ಟಿಗೆ ಮಾಡುವ ವಸ್ತುವಿಗಾಗಿ ಹುಡುಕಾಟ ಇನ್ನೂ ನಡೆದಿದೆ.

1869ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಕಲಿಯುತ್ತಿದ್ದ ಜಾಕ್ ಲೂಯಿ ರೆವರ್ಡಿನ್ ಚರ್ಮದ ಸಣ್ಣ ಸಣ್ಣ ಚೂರುಗಳನ್ನು ಕಿತ್ತು ಮಾಯದ ಗಾಯದ ಮೇಲೆ ಇಟ್ಟ. ಚೂರುಗಳು ಸಾಯಲಿಲ್ಲ. ಒಂದೊಂದರ ಸುತ್ತಲೂ ಹೊಸ ಚರ್ಮ ಹರಡಿ, ಒಂದನ್ನೊಂದು ಮುಟ್ಟಿತು. ರಕ್ತದ ಸಂಪರ್ಕ ಪೂರ್ತಿ ಕಡಿದ ಚರ್ಮವೂ ಬದುಕಬಲ್ಲದು ಎಂದು ಆಗ ಖಾತ್ರಿಯಾಯಿತು. ಜರ್ಮನಿಯ ಕಾರ್ಲ್ ಥಿಯರ್ಶ್ ತೆಳು ಹಾಳೆಗಳಾಗಿ ಚರ್ಮ ತೆಗೆಯುವುದನ್ನು ರೂಢಿಗೆ ತಂದ. 1939ರಲ್ಲಿ ಅಮೆರಿಕದ ಅರ್ಲ್ ಪ್ಯಾಜೆಟ್ ಒಂದೇ ದಪ್ಪದಲ್ಲಿ ಚರ್ಮ ಹೆರೆಯುವ ಡರ್ಮಟೋಮ್ ಯಂತ್ರ ತಂದ. 1964ರಲ್ಲಿ ಟ್ಯಾನರ್ ಮತ್ತು ಜೊತೆಗಾರರು ಆ ಹಾಳೆಗೆ ಸಾಲುಸಾಲಾಗಿ ಸೀಳು ಹಾಕಿ ಬಲೆ ಮಾಡುವುದನ್ನು ಕಂಡುಕೊಂಡರು. ಎಳೆದರೆ ಮೂರು ಪಟ್ಟು ಅಗಲವಾಗುವ ಈ ಬಲೆಯೇ ಇಂದಿಗೂ ಬಳ್ಳಾರಿಯಿಂದ ಬಾಸ್ಟನ್ನಿನವರೆಗೆ ಚರ್ಮ ಕಸಿಯ ದಿನನಿತ್ಯದ ಹತಾರ. ಆಗಿನ ಯುಗೊಸ್ಲಾವಿಯಾದ ಮಾರಿಬೋರ್ ಎಂಬ ಊರಿನಲ್ಲಿ ಜೋರಾ ಯಾನ್ಜೆಕೊವಿಚ್ ಎಂಬ ವೈದ್ಯೆ ಸತ್ತ ಚರ್ಮ ತಾನಾಗಿ ಉದುರಲಿ ಎಂದು ವಾರಗಟ್ಟಲೆ ಕಾಯುವುದನ್ನು ಬಿಟ್ಟರು. ಮೊದಲ ಕೆಲವು ದಿನಗಳಲ್ಲೇ ಅದನ್ನು ಪದರ ಪದರವಾಗಿ ಹೆರೆದು, ಕೂಡಲೇ ಕಸಿ ಹಾಕಿದರು. 1970ರ ಅವರ ಬರಹ ಜಗತ್ತಿನ ವಾರ್ಡುಗಳ ನಡವಳಿಕೆಯನ್ನೇ ಬದಲಿಸಿತು. ಈ ಚರಿತ್ರೆಯಲ್ಲಿ ಅವರಿಗೆ ಸಲ್ಲಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಬೇರೆಯವರ ಚರ್ಮ ತಂದು ಹಾಕಿದರೆ? ಎರಡನೇ ಮಹಾಯುದ್ಧದ ನಡುವೆ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಸುಟ್ಟ ಗಾಯದ ಮಹಿಳೆಯೊಬ್ಬರಿಗೆ ಅವರ ಅಣ್ಣತಮ್ಮನ ಚರ್ಮದ ಚೂರುಗಳನ್ನು ಹಾಕಲಾಯಿತು. ಮೊದಲ ಸಲ ಹಾಕಿದವು ಕೆಲವು ದಿನ ಹಿಡಿದು ನಿಂತು ಕೊನೆಗೆ ಉದುರಿದವು, ಎರಡನೇ ಸಲ ಹಾಕಿದವು ಇನ್ನೂ ಬೇಗ ಉದುರಿದವು. ದೇಹ ಪರಕೀಯ ಚರ್ಮವನ್ನು ಗುರುತಿಟ್ಟುಕೊಂಡು ಹೊರದಬ್ಬುತ್ತದೆ ಎಂದು ಥಾಮಸ್ ಗಿಬ್ಸನ್ ಮತ್ತು ಪೀಟರ್ ಮೆಡವಾರ್ 1943ರಲ್ಲಿ ಬರೆದರು. ಅಂಗಾಂಗ ಕಸಿಯ ಇಡೀ ವಿಜ್ಞಾನ ಆ ಸುಟ್ಟ ಗಾಯದಿಂದ ಎದ್ದು ಬಂತು. ಮೆಡವಾರ್‌ಗೆ 1960ರಲ್ಲಿ ನೊಬೆಲ್ ಸಂದಿತು.

ಅಂದ ಮೇಲೆ ಉಳಿಯುವ ಚರ್ಮ ಸ್ವಂತದ್ದೇ ಆಗಿರಬೇಕು. ಮೈಯಲ್ಲಿ ಇಲ್ಲದಿದ್ದರೆ ಹೊರಗೆ ಬೆಳೆಸಬೇಕು.

ಬೆಳೆಸುವ ದಾರಿ ಕಂಡದ್ದು ಬೇರೇನನ್ನೋ ಹುಡುಕುವಾಗ. ಅಮೆರಿಕದ ಎಂಐಟಿಯಲ್ಲಿ ಹೊವರ್ಡ್ ಗ್ರೀನ್ ಮತ್ತು ಅವರ ಶಿಷ್ಯ ಜೇಮ್ಸ್ ರೈನ್‌ವಾಲ್ಡ್ ಇಲಿಯ ಗಡ್ಡೆಯೊಂದರ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದರು. ನಡುವೆ ಚರ್ಮದ ಹೊರಪದರದ ಕೋಶಗಳ ಹಾಗೆ ಕಾಣುವ ಗುಂಪುಗಳು ಎದ್ದವು. ಮನುಷ್ಯನ ಚರ್ಮದ ಕೋಶಗಳನ್ನು ಅದುವರೆಗೆ ಯಾರೂ ತಟ್ಟೆಯಲ್ಲಿ ಹೆಚ್ಚು ದಿನ ಬದುಕಿಸಿರಲಿಲ್ಲ. ವಿಕಿರಣ ಹಾಯಿಸಿ ಬೆಳವಣಿಗೆ ನಿಲ್ಲಿಸಿದ ಇಲಿಯ ಕೋಶಗಳನ್ನು ಅಡಿಗೆ ಹಾಸಿ, ಅದರ ಮೇಲೆ ಮನುಷ್ಯನ ಕೋಶ ಬಿತ್ತಿದರೆ ಅವು ಹುಲುಸಾಗಿ ಹಬ್ಬುತ್ತವೆ ಎಂದು 1975ರಲ್ಲಿ ಇಬ್ಬರೂ ಪ್ರಕಟಿಸಿದರು. ಕಂಪ್ಲಿಯ ಗದ್ದೆಯಲ್ಲಿ ಸಣ್ಣ ಸಸಿಮಡಿಯ ಅಗೆ ಎಕರೆಗಟ್ಟಲೆ ನಾಟಿಗೆ ಸಾಕಾಗುವ ಹಾಗೆ, ಅಂಚೆ ಚೀಟಿಯಷ್ಟು ಚರ್ಮದಿಂದ ಮೂರು ನಾಲ್ಕು ವಾರದಲ್ಲಿ ಇಡೀ ಮೈಗೆ ಸಾಲುವಷ್ಟು ಹೊರಪದರ ತೆಗೆಯಬಹುದು ಎಂದಾಯಿತು.

ಪರೀಕ್ಷೆಯ ಗಳಿಗೆ 1983ರಲ್ಲಿ ಬಂತು. ಮೈಯ ಶೇ 95ಕ್ಕೂ ಹೆಚ್ಚು ಸುಟ್ಟ ಇಬ್ಬರು ಪುಟ್ಟ ಹುಡುಗರು, ಅಣ್ಣತಮ್ಮಂದಿರು, ಬಾಸ್ಟನ್ನಿನ ಶ್ರೈನರ್ಸ್ ಸುಟ್ಟ ಗಾಯದ ಆಸ್ಪತ್ರೆಗೆ ಬಂದರು. ಕಸಿಗೆ ಬೇಕಾದ ಚರ್ಮ ಅವರ ಮೈಯಲ್ಲಿ ಉಳಿದೇ ಇರಲಿಲ್ಲ. ಕಂಕುಳ ಬಳಿ ಉಳಿದಿದ್ದ ಚೂರು ಚರ್ಮ ತೆಗೆದು ಗ್ರೀನ್ ಅವರ ಪ್ರಯೋಗಾಲಯ ಹಾಳೆಗಳನ್ನು ಬೆಳೆಸಿತು. ಮೈಯ ಅರ್ಧದಷ್ಟು ಭಾಗ ಆ ಹಾಳೆಗಳಿಂದಲೇ ಮುಚ್ಚಿಕೊಂಡಿತು. ಹುಡುಗರು ಉಳಿದರು. ಮುಂದಿನ ವರ್ಷ ಇದರ ವರದಿ ಪ್ರಕಟವಾದಾಗ ವೈದ್ಯಲೋಕ ಬೆರಗಾಯಿತು.

ಅದೇ ಊರಿನಲ್ಲಿ ಇನ್ನೊಂದು ಜೋಡಿ ಒಳಪದರದ ಹಿಂದೆ ಬಿದ್ದಿತ್ತು. ಶಸ್ತ್ರವೈದ್ಯ ಜಾನ್ ಬರ್ಕ್ ಮತ್ತು ಎಂಐಟಿಯ ಯಾನಿಸ್ ಯಾನಾಸ್ ದನದ ಕಾಲಜನ್‌ಗೆ ಶಾರ್ಕ್ ಮೀನಿನ ಮೃದ್ವಸ್ಥಿಯ ಸಾರ ಬೆರೆಸಿ ರಂಧ್ರ ರಂಧ್ರದ ಹಾಸು ಮಾಡಿದರು, ಮೇಲೆ ಸಿಲಿಕೋನಿನ ತೆಳು ಹೊದಿಕೆ ಹಾಕಿದರು. ಗಾಯದ ಮೇಲೆ ಇಟ್ಟರೆ ರೋಗಿಯ ಸ್ವಂತ ಕೋಶ ಮತ್ತು ರಕ್ತನಾಳಗಳು ಆ ರಂಧ್ರಗಳಿಗೆ ನುಗ್ಗಿ, ಹಾಸನ್ನು ಕರಗಿಸುತ್ತ ತಮ್ಮದೇ ಒಳಪದರ ಕಟ್ಟುತ್ತವೆ. ಸುಮಾರು ಮೂರು ವಾರದ ಮೇಲೆ ಸಿಲಿಕೋನ್ ಕಿತ್ತು, ತೆಳುವಾದ ಸ್ವಂತ ಕಸಿ ಹಾಕಿದರಾಯಿತು. 1981ರಲ್ಲಿ ಇದರ ಫಲಿತಾಂಶ ಹೊರಬಂತು. ‘ಇಂಟೆಗ್ರಾ’ ಎಂಬ ಹೆಸರಿನಲ್ಲಿ 1996ರಲ್ಲಿ ಅಮೆರಿಕದ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಯೂಜಿನ್ ಬೆಲ್ ಎಂಬ ಮತ್ತೊಬ್ಬ ವಿಜ್ಞಾನಿಯ ಕೆಲಸದಿಂದ ಹುಟ್ಟಿದ, ಎರಡೂ ಪದರದ ಜೀವಂತ ಚರ್ಮ ‘ಅಪ್ಲಿಗ್ರಾಫ್’ 1998ರಲ್ಲಿ ಕಾಲಿನ ಮಾಯದ ಹುಣ್ಣುಗಳಿಗಾಗಿ ಮಾರುಕಟ್ಟೆಗೆ ಬಂತು.

ಇಷ್ಟಾದರೂ ಬೆಳೆಸಿದ ಚರ್ಮ ಎಂದರೆ ಹುಟ್ಟಿದ ಚರ್ಮ ಅಲ್ಲ. ಗ್ರೀನ್ ಅವರ ಹಾಳೆಗಳು ಕೆಲವೇ ಕೋಶಗಳಷ್ಟು ದಪ್ಪ, ಸ್ವಲ್ಪ ಉಜ್ಜಿದರೆ ಕಿತ್ತು ಬರುತ್ತವೆ, ಸೋಂಕು ತಗುಲಿದರೆ ಕರಗಿ ಹೋಗುತ್ತವೆ. ಬೆವರಿನ ಗ್ರಂಥಿ ಇಲ್ಲ, ಕೂದಲಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಅರ್ಧ ಮೈ ಬೆವರದವನ ಪಾಡು ಏನೆಂದು ಅಲ್ಲಿ ಬಾಳಿದವರೇ ಬಲ್ಲರು. ಬೆಳೆಯಲು ವಾರಗಳು ಬೇಕು, ಆ ವಾರಗಳ ಕಾಲ ಗಾಯವನ್ನು ಬೇರೆ ಏನಾದರೂ ಮುಚ್ಚಿರಬೇಕು. ಬೆಲೆಯೂ ಸಾಮಾನ್ಯರ ಕೈಗೆ ಎಟುಕುವಂಥದ್ದಲ್ಲ.

ನಮ್ಮ ದೇಶದ ವೈದ್ಯರು ಆ ವೇಳೆಗೆ ಬೇರೊಂದು ಹಾದಿ ಹಿಡಿದಿದ್ದರು, ಅದನ್ನು ಯಾರೂ ಕಡಿಮೆ ಎಂದು ಎಣಿಸಬಾರದು. ಮುಂಬೈಯ ವಾಡಿಯಾ ಮಕ್ಕಳ ಆಸ್ಪತ್ರೆಯ ಡಾ. ಎಂ. ಎಚ್. ಕೆಸ್ವಾನಿ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಬ್ಯಾಂಡೇಜ್ ಬಟ್ಟೆಗೆ ಅಂಟಿಸಿ ಸುಟ್ಟ ಗಾಯಕ್ಕೆ ಕಟ್ಟಿದರು. 1985ರಲ್ಲಿ ಅದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಸಿಪ್ಪೆ ಗಾಯವನ್ನು ಒದ್ದೆಯಾಗಿ ಇಡುತ್ತದೆ, ಬಿಚ್ಚುವಾಗ ಅಂಟುವುದಿಲ್ಲ, ಮಗು ಕಿರುಚುವುದಿಲ್ಲ. ಸಯನ್ ಆಸ್ಪತ್ರೆಯ ಡಾ. ಮಾಧುರಿ ಗೋರೆ ಬಾಳೆ ಎಲೆಯನ್ನು ಇದೇ ರೀತಿ ಶುದ್ಧಗೊಳಿಸಿ ಕಟ್ಟಿದರು. ಹೊಸಪೇಟೆ, ಹಂಪಿಯ ತೋಟಗಳಲ್ಲಿ ಊಟಕ್ಕೆ ಕೊಯ್ಯುವ ಅದೇ ಎಲೆ. ಮೇಣದ ಹೊಳಪಿನ ಅದರ ಮೇಲ್ಮೈ ಗಾಯದ ಮೇಲೆ ಜಾರುತ್ತದೆ, ಕೀಳುವುದಿಲ್ಲ. ಕನ್ನಡಿಗರು ಧಾರಾಳವಾಗಿ ಇರುವ ಸೊಲ್ಲಾಪುರದಲ್ಲಿ ಡಾ. ಎಂ. ಸುಬ್ರಹ್ಮಣ್ಯಂ ಜೇನುತುಪ್ಪದ ಪಟ್ಟಿಯನ್ನು ಬೆಳ್ಳಿಯ ಮುಲಾಮಿನ ಎದುರು ಹೋಲಿಸಿ ನೋಡಿದರು. 1991ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಅವರ ಫಲಿತಾಂಶ ಅಚ್ಚಾಯಿತು. ಚೆನ್ನೈಯಲ್ಲಿ 1948ರಲ್ಲಿ ಶುರುವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಚಪ್ಪಲಿ, ಚೀಲದ ಚರ್ಮ ಹದ ಮಾಡುವ ವಿದ್ಯೆಗಾಗಿ ಹುಟ್ಟಿದ್ದು. ಹದ ಮಾಡುವವರಿಗೆ ಕಾಲಜನ್ ಚೆನ್ನಾಗಿ ಗೊತ್ತು. ಅಲ್ಲಿನ ವಿಜ್ಞಾನಿಗಳು ಕಾಲಜನ್ನಿನ ತೆಳು ಹಾಳೆಯನ್ನು ಗಾಯಕ್ಕೆ ಹೊದಿಸುವ ಕೆಲಸ ಬೆಳೆಸಿದರು, ಇಂದು ನಮ್ಮ ಆಸ್ಪತ್ರೆಗಳಲ್ಲಿ ಕಾಲಜನ್ ಶೀಟ್ ಕೇಳದ ದಾದಿಯರೇ ಇಲ್ಲ. ಕುಡತಿನಿಯ ದೊಡ್ಡಿಯಲ್ಲಿ ದನ ಕಟ್ಟಿದವರು ಹಾಲು, ಸಗಣಿ, ತೊಗಲು ಎಲ್ಲವನ್ನೂ ಬಳಸಿದವರೇ. ಆ ತೊಗಲಿನ ನಾರು ಮನುಷ್ಯನ ಗಾಯವನ್ನು ಕಾಯುತ್ತದೆ ಎಂಬುದು ಮಾತ್ರ ಹೊಸ ತಿಳಿವಳಿಕೆ.

ಸಾಧಾರಣ ಆಳದ ಗಾಯಕ್ಕೆ ಇವು ಸಾಕು. ಮೈಯ ಅರ್ಧ ಆಳವಾಗಿ ಸುಟ್ಟವರಿಗೆ ಸಾಲವು.

ಕರ್ನಾಟಕ ಈ ಕೊರತೆಯನ್ನು ಎರಡು ದೊಡ್ಡ ಬೆಂಕಿಗಳಲ್ಲಿ ಕಂಡಿದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಸತ್ತ 92 ಜನರಲ್ಲಿ ಹೆಚ್ಚಿನವರು ಮಕ್ಕಳು. ಅದೇ ವರ್ಷ ಬರ್ಕ್ ಮತ್ತು ಯಾನಾಸ್ ತಮ್ಮ ಕೃತಕ ಚರ್ಮದ ವರದಿ ಕೊಟ್ಟಿದ್ದರು ಎಂಬುದನ್ನು ನೆನೆದರೆ ಹೊಟ್ಟೆ ಚುರ್ ಎನ್ನುತ್ತದೆ. ಎಂಟು ವರ್ಷದ ಮೇಲೆ, 1989ರ ಫೆಬ್ರವರಿ 8ರಂದು, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಎದ್ದು 62 ಮಂದಿ ಜೀವ ಕಳೆದುಕೊಂಡರು. ನಿರ್ದೇಶಕ, ನಟ ಸಂಜಯ್ ಖಾನ್ ಮೈಯ ಸುಮಾರು ಶೇ 65 ಸುಟ್ಟುಕೊಂಡು ಹತ್ತಾರು ಶಸ್ತ್ರಚಿಕಿತ್ಸೆಗಳ ಮೇಲೆ ಉಳಿದರು. ಟಿಪ್ಪುವಿನ ಕಥೆಯನ್ನು ತೆರೆಗೆ ತರುವ ಕೆಲಸದಲ್ಲೇ ಆದ ಈ ದುರಂತ, ಟಿಪ್ಪುವಿನ ಯುದ್ಧದಲ್ಲಿ ಮೂಗು ಕಳೆದುಕೊಂಡ ಕಾವಸ್‌ಜಿಯ ಕಾಲದಿಂದ ಹೆಚ್ಚುಕಡಿಮೆ ಎರಡು ಶತಮಾನದ ದೂರದಲ್ಲಿ ನಿಲ್ಲುತ್ತದೆ.

ಉಳಿದ ದಾರಿ ಒಂದಿತ್ತು, ಮೆಡವಾರ್ ಮುಚ್ಚಿದರು ಎಂದುಕೊಂಡ ದಾರಿ. ಬೇರೆಯವರ ಚರ್ಮ ನಿಲ್ಲುವುದಿಲ್ಲ ನಿಜ, ಆದರೆ ಕೂಡಲೇ ಉದುರುವುದೂ ಇಲ್ಲ. ಎರಡು ಮೂರು ವಾರ ಅದು ಗಾಯವನ್ನು ಕಚ್ಚಿ ಹಿಡಿಯುತ್ತದೆ. ಆ ವಾರಗಳಲ್ಲಿ ನೀರು ಸೋರುವುದು ನಿಲ್ಲುತ್ತದೆ, ನೋವು ತಗ್ಗುತ್ತದೆ, ಗಾಯದ ತಳ ಕೆಂಪಾಗಿ ಕಸಿಗೆ ಸಿದ್ಧವಾಗುತ್ತದೆ, ರೋಗಿಯ ಸ್ವಂತ ಚರ್ಮ ಹೆರೆದ ಜಾಗ ಮಾಯ್ದು ಎರಡನೇ ಸಲ ಹೆರೆಯಲು ಬರುತ್ತದೆ. ಸತ್ತವರ ಚರ್ಮವನ್ನು ಕಾಪಿಟ್ಟುಕೊಂಡರೆ ಈ ಹೊತ್ತನ್ನು ಯಾರಿಗೆ ಬೇಕಾದರೂ ಕೊಡಬಹುದು. 2000ದಲ್ಲಿ ಮುಂಬೈಯ ಸಯನ್ ಆಸ್ಪತ್ರೆ ಚರ್ಮ ಬ್ಯಾಂಕ್ ತೆರೆಯಿತು. ನವಿ ಮುಂಬೈಯ ಐರೋಲಿಯಲ್ಲಿರುವ ರಾಷ್ಟ್ರೀಯ ಸುಟ್ಟ ಗಾಯಗಳ ಕೇಂದ್ರ 2009ರಲ್ಲಿ ಅದನ್ನು ಹಿಂಬಾಲಿಸಿತು. ಕರ್ನಾಟಕದ ಮೊದಲ ಚರ್ಮ ಬ್ಯಾಂಕ್ 2016ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ, ರೋಟರಿ ಮತ್ತು ಆಶೀರ್ವಾದ್ ಪೈಪ್ಸ್ ನೆರವಿನಿಂದ ಶುರುವಾಯಿತು. ಆಮೇಲೆ ಬೆಳಗಾವಿಯ ಕೆಎಲ್ಇ ಆಸ್ಪತ್ರೆಯಲ್ಲೂ ರೋಟರಿಯ ಕೈಜೋಡಿಕೆಯಿಂದ ಇನ್ನೊಂದು ತೆರೆಯಿತು.

ಚರ್ಮದಾನ ಎಂದರೆ ಹಳ್ಳಿಯಲ್ಲಿ ಜನ ಬೆಚ್ಚುತ್ತಾರೆ. ಮೈ ಸುಲಿಯುತ್ತಾರೆ ಎಂಬ ಭಯ. ನಡೆಯುವುದು ಬೇರೆ. ಸಾವಾದ ಆರು ಗಂಟೆಯೊಳಗೆ ಕರೆ ಹೋದರೆ ತಂಡ ಮನೆಗೇ ಬರುತ್ತದೆ. ತೊಡೆ, ಕಾಲು, ಬೆನ್ನು ಇಷ್ಟರಿಂದಲೇ ಡರ್ಮಟೋಮಿನಲ್ಲಿ ಮೇಲಿನ ತೆಳು ಪದರ ತೆಗೆಯುತ್ತಾರೆ. ಮುಖ, ಎದೆ, ಕೈ ಮುಟ್ಟುವುದಿಲ್ಲ. ರಕ್ತ ಸೋರುವುದಿಲ್ಲ. ಮುಕ್ಕಾಲು ಗಂಟೆಯೊಳಗೆ ಕೆಲಸ ಮುಗಿಸಿ, ಬ್ಯಾಂಡೇಜ್ ಸುತ್ತಿ, ದೇಹವನ್ನು ಮನೆಯವರಿಗೆ ಬಿಟ್ಟುಕೊಡುತ್ತಾರೆ. ಸ್ನಾನ ಮಾಡಿಸಿ, ಬಟ್ಟೆ ಹೊದಿಸಿ, ಕ್ರಿಯಾಕರ್ಮ ಮಾಡಲು ಏನೂ ಅಡ್ಡಿಯಿಲ್ಲ. ಹದಿನೆಂಟು ದಾಟಿದ ಯಾರಾದರೂ ಕೊಡಬಹುದು, ಎಷ್ಟು ಮುಪ್ಪಾಗಿದ್ದರೂ ಆದೀತು, ಸಕ್ಕರೆ ಕಾಯಿಲೆ, ಬಿಪಿ ಇದ್ದರೂ ಆದೀತು. ಎಚ್‌ಐವಿ, ಹೆಪಟೈಟಿಸ್, ಚರ್ಮದ ಕ್ಯಾನ್ಸರ್, ರಕ್ತದ ನಂಜು ಇದ್ದವರದು ಬೇಡ. ಪಡೆಯುವವರ ರಕ್ತದ ಗುಂಪಿಗೆ ಹೊಂದಿಸುವ ಗೋಜೇ ಇಲ್ಲ.

ವಿಜ್ಞಾನ ಇನ್ನೂ ಮುಂದೆ ಹೋಗಿದೆ. 2015ರಲ್ಲಿ ಜರ್ಮನಿಯ ಬೋಖುಮ್‌ನಲ್ಲಿ, ಚರ್ಮ ತಾನಾಗಿ ಕಿತ್ತು ಬರುವ ವಂಶವಾಹಿ ಕಾಯಿಲೆಯಿಂದ ಸಾವಿನ ಅಂಚಿನಲ್ಲಿದ್ದ ಏಳು ವರ್ಷದ ಸಿರಿಯಾದ ಹುಡುಗನಿಗೆ ಇಟಲಿಯ ಮಿಕೇಲೆ ಡಿ ಲೂಕಾ ಅವರ ತಂಡ ಮೈಯ ಶೇ 80ರಷ್ಟು ಹೊರಪದರವನ್ನು ಹೊಸದಾಗಿ ಬೆಳೆಸಿಕೊಟ್ಟಿತು. ಗ್ರೀನ್ ಅವರದೇ ವಿಧಾನ, ಜೊತೆಗೆ ಕೆಟ್ಟ ಜೀನಿನ ತಿದ್ದುಪಡಿ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಕಾಲಿನ್ ಜಮೋರಾ ಅವರ ಗುಂಪು ಗಾಯ ಮಾಯುವಾಗ ಚರ್ಮದ ಕೋಶಗಳು ಒಂದಕ್ಕೊಂದು ಏನು ಹೇಳಿಕೊಳ್ಳುತ್ತವೆ ಎಂದು ಅಧ್ಯಯನ ಮಾಡಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಡಾ. ಟಿ. ವಿ. ಅನಿಲ್‌ಕುಮಾರ್ ತಂಡ ಹಂದಿಯ ಪಿತ್ತಕೋಶದಿಂದ ಮಾಡಿದ ‘ಕೋಲಿಡರ್ಮ್’ ಎಂಬ ಗಾಯದ ಹಾಸಿಗೆ 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. ದೇಶದಲ್ಲೇ ಮಾಡಿದ ಇಂಥ ಹಾಸು ಬೆಲೆಯನ್ನು ಇಳಿಸಬೇಕು, ಇಳಿಸಲೇಬೇಕು.

ಕುರೆಕುಪ್ಪದ ಮಟ್ಟಿಗೆ ತುರ್ತಿನ ಪ್ರಶ್ನೆ ಬೇರೆ. ಇಲ್ಲಿಂದ ಬೆಂಗಳೂರು 300 ಕಿಲೋಮೀಟರ್ ಆಚೆ, ಬೆಳಗಾವಿ ಅದಕ್ಕಿಂತ ತುಸು ಹತ್ತಿರ. ದೊಡ್ಡ ಗಾಯದ ರೋಗಿಯನ್ನು ಅಷ್ಟು ದೂರ ಆಂಬುಲೆನ್ಸಿನಲ್ಲಿ ಒಯ್ಯುವುದು ಎಷ್ಟೋ ಸಲ ಚಿಕಿತ್ಸೆಗಿಂತ ಅಪಾಯ. 1961ರಲ್ಲಿ ಶುರುವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಅರ್ಧ ಗಂಟೆಯ ಹಾದಿ, ಹೆಚ್ಚೆಂದರೆ ಮುಕ್ಕಾಲು ಗಂಟೆ. ರೋಗಿ ಚರ್ಮದ ಬಳಿಗೆ ಹೋಗಬೇಕಿಲ್ಲ, ಚರ್ಮವೇ ರೋಗಿಯ ಬಳಿಗೆ ಬರಬಹುದು. ಬೆಳೆಸಿದ ಜೀವಂತ ಹಾಳೆಯನ್ನು ಹೀಗೆ ಕಳಿಸುವುದು ಕಷ್ಟ, ತಾಸು ಲೆಕ್ಕದಲ್ಲಿ ಸಾಯುತ್ತದೆ. ದಾನದ ಚರ್ಮ ಹಾಗಲ್ಲ. ಅದನ್ನು ಶೇ 85ರ ಗ್ಲಿಸರಾಲ್ ದ್ರಾವಣದಲ್ಲಿ ಮುಳುಗಿಸಿ, ಸೋಂಕಿನ ಪರೀಕ್ಷೆ ಮುಗಿಸಿ, ಚೀಟಿ ಅಂಟಿಸಿ 4ರಿಂದ 8 ಡಿಗ್ರಿಯ ಫ್ರಿಜ್ಜಿನಲ್ಲಿ ಇಟ್ಟರೆ ಐದು ವರ್ಷ ಕೆಡುವುದಿಲ್ಲ. ಲಸಿಕೆ ಕಾಪಿಡಲು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರುವುದು ಹೆಚ್ಚುಕಡಿಮೆ ಅಂಥದ್ದೇ ಫ್ರಿಜ್, ಸಾಗಿಸಲು ಅಂಥದ್ದೇ ತಂಪು ಪೆಟ್ಟಿಗೆ. ಬಳ್ಳಾರಿಯ ಫ್ರಿಜ್ಜಿನಲ್ಲಿ ಹತ್ತು ಬಾಟಲಿ ದಾಸ್ತಾನು ಇದ್ದರೆ, ಕುಲುಮೆಯ ಮುಂದೆ ಸುಟ್ಟವನನ್ನು ಮೂರನೇ ದಿನ ಶಸ್ತ್ರಚಿಕಿತ್ಸೆಯ ಕೋಣೆಗೆ ಒಯ್ದಾಗ ದಾದಿ ಗ್ಲಿಸರಾಲನ್ನು ಸಲೈನಿನಲ್ಲಿ ತೊಳೆದು, ಹಾಳೆಯನ್ನು ಬಲೆ ಯಂತ್ರದಲ್ಲಿ ಹಾಯಿಸಿ ವೈದ್ಯರ ಕೈಗೆ ಕೊಡಬಹುದು. ಅದಕ್ಕೆ ಬೇಕಾದದ್ದು ಹೊಸ ಆವಿಷ್ಕಾರವಲ್ಲ. ಸಂಡೂರು, ಹೊಸಪೇಟೆ, ಕಂಪ್ಲಿಯ ಮನೆಗಳಿಂದ ಸಾವಿನ ಆರು ಗಂಟೆಯೊಳಗೆ ಹೋಗುವ ಫೋನ್ ಕರೆ, ಆ ಕರೆಗೆ ಓಡಿ ಬರಲು ಡರ್ಮಟೋಮ್ ಹಿಡಿದ ಒಂದು ತಂಡ.